ಮಸ್ಟ್ಯಾಂಗ್ ತಳಕ್ಕೆ ಹೊಸ ತಗಡು

1966ರ ಮಾದರಿ ವರ್ಷವೊಂದರಲ್ಲೇ ಫೋರ್ಡ್ ಕಂಪನಿ 6 ಲಕ್ಷಕ್ಕೂ ಮೀರಿ ಮಸ್ಟ್ಯಾಂಗ್ ಕಾರುಗಳನ್ನು ಹೊರಬಿಟ್ಟಿತು. ಅಮೆರಿಕದಲ್ಲಿ ಹಳೇ ಕಾರೊಂದನ್ನು ಮನೆಯ ಗ್ಯಾರೇಜಿನಲ್ಲೇ ಎಬ್ಬಿಸಿ ನಿಲ್ಲಿಸುವ ಹುಚ್ಚಿರುವವರ ಕೈಗೆ ಅದು ಇಂದಿಗೂ ಸಿಗುತ್ತಿರುವುದು ಇದರಿಂದಲೇ. ಮಿಷಿಗನ್, ಒಹಾಯೊ ಕಡೆ ನೌಕರಿಯಲ್ಲಿದ್ದು ಈ ಹುಚ್ಚು ಹತ್ತಿಸಿಕೊಂಡ ಕನ್ನಡಿಗರು ಮೊದಲು ತಿಳಿಯಬೇಕಾದ್ದು ಒಂದಿದೆ: ಅಲ್ಲಿ ಚಳಿಗಾಲದ ಹಿಮ ಕರಗಿಸಲು ರಸ್ತೆಗೆ ಉಪ್ಪು ಸುರಿಯುತ್ತಾರೆ. ಆ ಉಪ್ಪುನೀರು ಅರವತ್ತರ ದಶಕದ ತಗಡನ್ನು ತಳದಿಂದ ತಿನ್ನುತ್ತಾ ಬರುತ್ತದೆ. ಮೇಲೆ ಪೇಂಟು ಫಳಫಳ, ಕಾರ್ಪೆಟ್ ಎತ್ತಿದರೆ ಕೆಳಗಿನ ನೆಲ ಕಾಣಿಸುತ್ತದೆ.

ತುಕ್ಕು ಹಿಡಿದ ಆ ತಳ ಕತ್ತರಿಸಿ ಹೊಸದು ಕೂರಿಸುವುದು, ಜೊತೆಗೆ ಆರು ಗೇರಿನ ಹೊಸ ಗೇರ್‌ಬಾಕ್ಸಿಗೆ ಜಾಗವಾಗುವಂತೆ ತಳದ ಮಧ್ಯದಲ್ಲಿ ಉಬ್ಬಿ ನಿಂತ ಟನಲ್ ಅನ್ನು ತಗಡಿನಲ್ಲಿ ಹೊಸದಾಗಿ ಕಟ್ಟುವುದು ಹೇಗೆ ಎಂಬುದು ಈ ಲೇಖನದ ವಿಷಯ. ಮಸ್ಟ್ಯಾಂಗ್ ‘ಪೋನಿ ಕಾರು’, ಅದನ್ನು ಮಸಲ್ ಕಾರು ಎನ್ನಬಾರದು ಎಂದು ವಾದಿಸುವವರಿದ್ದಾರೆ. 1964ರ ಪಾಂಟಿಯಾಕ್ ಜಿಟಿಒದಿಂದ ಮಸಲ್ ಕಾರುಗಳ ವಂಶಾವಳಿ ಶುರು ಮಾಡುತ್ತಾರೆ. ಆ ಜಗಳ ಅವರಿಗೇ ಇರಲಿ. ನಮ್ಮ ಕೆಲಸಕ್ಕೆ ಮುಖ್ಯವಾದ ವ್ಯತ್ಯಾಸ ಬೇರೆ. ಜಿಟಿಒ, ಶೆವೆಲ್‌ನಂಥ ಕಾರುಗಳಿಗೆ ಬಾಡಿಯ ಕೆಳಗೆ ಪ್ರತ್ಯೇಕ ಚಾಸಿ ಇದೆ. ಮಸ್ಟ್ಯಾಂಗ್‌ಗೆ ಅದಿಲ್ಲ. ಅದರ ತಳದ ತಗಡೇ ಅದರ ಬೆನ್ನೆಲುಬು, ಕತ್ತರಿಸಿದರೆ ಕಾರೇ ಬಾಗಬಹುದು.

ಮೊದಲು ನೀರು ಬಿಟ್ಟು ನೋಡಿ

ಈ ಕಾರಿನ ತಳ ಮೇಲಿನಿಂದಲೂ ಕೊಳೆಯುತ್ತದೆ. ಮುಂಗಾಜಿನ ಬುಡದಲ್ಲಿ, ಹೊರಗಾಳಿ ಒಳಬರಲು ಕಿಂಡಿಗಳಿರುವ ಪೆಟ್ಟಿಗೆಯಂಥ ಭಾಗಕ್ಕೆ ಕೌಲ್ ಎನ್ನುತ್ತಾರೆ. ಅದರೊಳಗೆ ಎಲೆ, ಕಸ ಸೇರಿ ತೇವ ನಿಂತು, ಗಾಳಿಕಿಂಡಿಯ ಸುತ್ತಲಿನ ಕಟ್ಟೆ ತುಕ್ಕು ಹಿಡಿದು ತೂತಾದರೆ ಮಳೆನೀರು ನೇರ ನಿಮ್ಮ ಕಾಲ ಬುಡಕ್ಕೆ. ತೋಟದ ಪೈಪಿನಿಂದ ಆ ಕಿಂಡಿಗಳಿಗೆ ನೀರು ಬಿಟ್ಟು, ಇನ್ನೊಬ್ಬರನ್ನು ಡ್ಯಾಶ್‌ಬೋರ್ಡಿನ ಕೆಳಗೆ ಟಾರ್ಚು ಹಿಡಿದು ಮಲಗಿಸಿ. ಹನಿ ಬಿದ್ದರೆ ಮೊದಲ ರಿಪೇರಿ ಕೌಲಿನದು. ಅದಕ್ಕೆ ಹತ್ತಾರು ಸ್ಪಾಟ್ ವೆಲ್ಡುಗಳನ್ನು ಕೊರೆದು ಬಿಡಿಸಬೇಕು, ಬೇಸರದ ಕೆಲಸ. ಅದನ್ನು ಬಿಟ್ಟು ತಳ ಮಾತ್ರ ಹೊಸದು ಹಾಕಿದರೆ ದುಡ್ಡು ನೀರಿಗೆ ಹಾಕಿದಂತೆಯೇ.

ಬಳಿಕ ತಳವನ್ನು ಸಣ್ಣ ಸುತ್ತಿಗೆಯಿಂದ ತಟ್ಟುತ್ತಾ ಹೋಗಿ. ಗಟ್ಟಿ ತಗಡಿನ ಸದ್ದು ಕಿವಿಗೆ ಬೇಗ ಪಳಗುತ್ತದೆ. ಸದ್ದು ಮಂಕಾದಲ್ಲೆಲ್ಲ ಬಳಪದಿಂದ ಗುರುತು ಹಾಕಿ. ಸೀಟಿನ ಪೀಠದ ಕೆಳಗೆ, ಮುಂದಿನ ರೈಲುಗಳು (ಬಾಡಿಗೆ ಆಧಾರವಾದ ಉದ್ದನೆಯ ತೊಲೆಗಳು) ತಳಕ್ಕೆ ಸೇರುವ ಟಾರ್ಕ್ ಬಾಕ್ಸ್‌ಗಳ ಬಳಿ ವಿಶೇಷವಾಗಿ ನೋಡಿ.

ಕೊಳ್ಳುವುದು ಯಾವುದು, ಮಾಡುವುದು ಯಾವುದು

ಮಸ್ಟ್ಯಾಂಗ್‌ನ ತಳದ ಭಾಗಗಳು ಅಚ್ಚಿನಲ್ಲಿ ಒತ್ತಿದ ಸಿದ್ಧ ರೂಪದಲ್ಲೇ ಸಿಗುತ್ತವೆ: ಅರ್ಧ, ಉದ್ದನೆಯದು, ಪೂರ್ತಿ ತಳ, ಹೀಗೆ. ಅವನ್ನು ಕೊಂಡುಬಿಡಿ. ಕಾರ್ಖಾನೆಯ ಪ್ರೆಸ್ಸು ಒಂದೇ ಏಟಿಗೆ ಮೂಡಿಸಿದ ಉಬ್ಬುತಗ್ಗುಗಳನ್ನು ಕೈಯಲ್ಲಿ ತರಲು ಹೊರಡುವುದು ಹಟವೇ ಹೊರತು ಕಸುಬಲ್ಲ. ಕೈಕೆಲಸವನ್ನು ಅಂಗಡಿಯಲ್ಲಿ ಸಿಗದಿದ್ದಕ್ಕೆ ಮೀಸಲಿಡಿ.

ನಮ್ಮ ಲೆಕ್ಕದಲ್ಲಿ ಅದು ಟನಲ್. ಮೂರು ಅಥವಾ ನಾಲ್ಕು ಗೇರಿನ ಪೆಟ್ಟಿಗೆಗೆಂದು ಮಾಡಿದ ಹಳೆಯ ಟನಲ್‌ಗೆ ಟ್ರೆಮೆಕ್ ಕಂಪನಿಯ ಆರು ಗೇರಿನ ಟಿ-56 ಮ್ಯಾಗ್ನಮ್ ಹಿಡಿಸುವುದಿಲ್ಲ. ಕತ್ತರಿಸುವುದೇ ಬೇಡ ಎನ್ನುವವರಿಗೆ ಅದೇ ಕಂಪನಿಯ ಐದು ಗೇರಿನ ಟಿಕೆಎಕ್ಸ್ ಇದೆ. ಹಳೇ ಕಾರುಗಳ ಇಕ್ಕಟ್ಟಿಗೆಂದೇ ಅದರ ಮೈ ಸಣ್ಣಗಿದೆ. ಊರೊಳಗೆ, ವಾರದ ಕೊನೆಗೆ ಓಡಿಸುವವರಿಗೆ ಅದೇ ಸಾಕೆಂದು ನನ್ನ ಅಭಿಪ್ರಾಯ. ಇನ್ನು ಕಾರು ಶೆಲ್ಬಿ ಜಿಟಿ350 ಅಥವಾ 271 ಅಶ್ವಶಕ್ತಿಯ ‘ಕೆ’ ಎಂಜಿನ್ನಿನದಾಗಿದ್ದರೆ ಗ್ರೈಂಡರ್ ಕೆಳಗಿಡಿ. ಅಂಥದರ ಮೌಲ್ಯ ಇರುವುದೇ ಕಾರ್ಖಾನೆಯಿಂದ ಬಂದ ಹಾಗೇ ಉಳಿದಿರುವುದರಲ್ಲಿ.

ತಗಡು 18 ಗೇಜಿನದು, ಅಂದರೆ ಸುಮಾರು 1.2 ಮಿಲಿಮೀಟರ್ ದಪ್ಪದ ಕೋಲ್ಡ್ ರೋಲ್ಡ್ ಮೈಲ್ಡ್ ಸ್ಟೀಲ್ ಇರಲಿ. ಸತು ಲೇಪಿಸಿದ ಜಿಐ ಶೀಟು ತುಕ್ಕಿಗೆ ಒಳ್ಳೆಯದೆನಿಸಬಹುದು. ವೆಲ್ಡಿಂಗಿನ ಕಾವಿಗೆ ಸತುವು ಹೊಗೆಯಾಗಿ ಜ್ವರ, ಚಳಿ ಬರಿಸುತ್ತದೆ. ಬೇಡ.

ಕತ್ತರಿಸುವ ಮುನ್ನ

ಬಹುಮಂದಿ ಎಡವುವುದು ಇಲ್ಲಿ. ವೆಲ್ಡಿಂಗ್ ಕಲಿತವರಿಗೂ ಈ ಹಂತ ಬೇಸರ ತರಿಸುತ್ತದೆ, ಕೈ ತುರಿಸುತ್ತಿರುತ್ತದೆ.

ಬ್ಯಾಟರಿ ಬಿಚ್ಚಿ. ಸೀಟು, ಕಾರ್ಪೆಟ್, ಅದರಡಿಯ ನಾರಿನ ಹಾಸು, ತಳದ ಮೇಲೆ ಹಾಯ್ದ ವೈರುಗಳನ್ನೆಲ್ಲ ತೆಗೆಯಿರಿ. ಕೆಳಗೆ ಹಾದಿರುವ ಬ್ರೇಕ್ ಮತ್ತು ಪೆಟ್ರೋಲ್ ಪೈಪುಗಳನ್ನು ಬಿಡಿಸಿ. ಪೆಟ್ರೋಲ್ ಟ್ಯಾಂಕ್ ಕಾರಿನಿಂದ ಮಾತ್ರವಲ್ಲ, ಗ್ಯಾರೇಜಿನಿಂದಲೇ ಹೊರಗೆ ಹೋಗಲಿ. ಅರವತ್ತರ ದಶಕದ ಮಸ್ಟ್ಯಾಂಗ್‌ನಲ್ಲಿ ಟ್ಯಾಂಕಿನ ಮೇಲ್ಮೈಯೇ ಡಿಕ್ಕಿಯ ನೆಲ! ಡಿಕ್ಕಿಗೂ ಒಳಗಿನ ಸೀಟುಗಳಿಗೂ ನಡುವೆ ಹೇಳಿಕೊಳ್ಳುವಂಥ ಗೋಡೆಯೂ ಇಲ್ಲ. ಕಿಡಿ ಹಾರುವ ಜಾಗದಿಂದ ಟ್ಯಾಂಕ್ ಎಷ್ಟು ಹತ್ತಿರ ಎಂಬುದು ಇದರಿಂದ ತಿಳಿಯುತ್ತದೆ.

ಆಮೇಲೆ ಕಾರನ್ನು ಮಟ್ಟಸವಾದ ಕಾಂಕ್ರೀಟ್ ನೆಲದಲ್ಲಿ ನಿಲ್ಲಿಸಿ. ಜ್ಯಾಕ್ ಸ್ಟ್ಯಾಂಡುಗಳು ಹಿಂದೆ ಆಕ್ಸಲ್ ಕೆಳಗೆ, ಮುಂದೆ ಸಸ್ಪೆನ್ಷನ್ನಿನ ಕೆಳ ತೋಳುಗಳ ಕೆಳಗೆ ಇರಲಿ. ರಸ್ತೆಯ ಮೇಲೆ ನಿಂತಾಗ ಭಾರ ಎಲ್ಲಿ ಬೀಳುತ್ತದೋ ಈಗಲೂ ಅಲ್ಲೇ ಬೀಳಬೇಕು. ಬಾಡಿಯ ನಡುವಿಗೆ ಆನಿಸಿ ಎತ್ತಿದರೆ ಎರಡು ತುದಿಗಳೂ ಜೋಲುತ್ತವೆ, ಆ ಜೋಲುವಿಕೆಯನ್ನೇ ನೀವು ವೆಲ್ಡ್ ಮಾಡಿ ಶಾಶ್ವತಗೊಳಿಸುತ್ತೀರಿ.

ಬಾಗಿಲುಗಳನ್ನು ಮುಚ್ಚಿ, ಸುತ್ತಲಿನ ಸಂದು ಎಲ್ಲೆಡೆ ಎಷ್ಟಿದೆ ಎಂದು ಅಳೆದು ಬರೆದಿಡಿ. ಸಂದು ಸರಿಯಿಲ್ಲದಿದ್ದರೆ ಈಗಲೇ ಸರಿಪಡಿಸಿ. ಬಳಿಕ ಬಾಗಿಲು ತೆಗೆದು, ಒಂದಿಂಚಿನ ಚೌಕ ಪೈಪನ್ನು ಕೀಲಿನ ಕಂಬದಿಂದ ಚಿಲಕದ ಕಂಬಕ್ಕೆ ಅಡ್ಡಲಾಗಿ ವೆಲ್ಡ್ ಮಾಡಿ. ಎಡದಿಂದ ಬಲಕ್ಕೂ ಒಂದು ಇರಲಿ. ಟಾಪು ಮಡಚುವ ಕನ್ವರ್ಟಿಬಲ್ ಆದರೆ ಈ ಆಧಾರಗಳು ಇಮ್ಮಡಿಯಾಗಬೇಕು, ಏಕೆಂದರೆ ಹಿಡಿದಿಡಲು ಅದಕ್ಕೆ ಚಾವಣಿಯೇ ಇಲ್ಲ. ಒಳಗಿನ ಕರ್ಣಗಳನ್ನೂ ಅಳೆದು ಗೋಡೆಯ ಮೇಲೆ ಬರೆಯಿರಿ. ಮುಂದೆ ಪ್ರತಿ ಸಂಜೆ ಅವೇ ಅಂಕಿಗಳ ಜೊತೆ ಹೋಲಿಸಿ ನೋಡಬೇಕು.

ಚಾಸಿ ನಂಬರಿನ ಮಾತು. ಈ ಕಾರುಗಳಲ್ಲಿ ಅದು ಎಂಜಿನ್ ಕೋಣೆಯ ಪಕ್ಕದ ತಗಡಿನ ಮೇಲೆ ಒತ್ತಿರುತ್ತದೆ. ತುಕ್ಕು ಅಲ್ಲಿಗೂ ಹಬ್ಬಿದ್ದರೆ, ಆ ತುಂಡನ್ನು ಮುಟ್ಟುವ ಮೊದಲು ನಿಮ್ಮ ರಾಜ್ಯದ ವಾಹನ ಕಚೇರಿಯಲ್ಲಿ ವಿಚಾರಿಸಿ. ನಂಬರ್ ಅಳಿಸುವುದು, ತಿದ್ದುವುದು ಅಮೆರಿಕದ ಫೆಡರಲ್ ಕಾನೂನಿನಲ್ಲಿ ಅಪರಾಧ.

ಹಳೆಯದು ಹೊರಗೆ, ಪೆಟ್ಟಿಗೆ ಒಳಗೆ

ಒಂದು ಪಕ್ಕ ಪೂರ್ತಿ ಮುಗಿಯುವವರೆಗೆ ಇನ್ನೊಂದು ಪಕ್ಕ ಕತ್ತರಿಸಬೇಡಿ. ವೈರ್ ಬ್ರಶ್ಶಿನಿಂದ ತಳಕ್ಕೆ ಬಳಿದಿರುವ ಡಾಂಬರು, ಪೇಂಟು ಕೆರೆದರೆ ಸ್ಪಾಟ್ ವೆಲ್ಡುಗಳು ಸಣ್ಣ ಬಿಲ್ಲೆಗಳಂತೆ ಕಾಣುತ್ತವೆ. ನಡುವೆ ಪಂಚ್ ಹೊಡೆದು, 8 ಮಿಲಿಮೀಟರಿನ ಸ್ಪಾಟ್ ವೆಲ್ಡ್ ಕಟರಿನಿಂದ ಮೇಲಿನ ಪದರ ಮಾತ್ರ ಕೊರೆಯಿರಿ. ಕೆಳಗಿನ ರೈಲು ನಿಮಗೆ ಬೇಕು. ಹೊಸ ತಳವನ್ನು ಮೇಲಿಟ್ಟು ಗೆರೆ ಎಳೆದ ನಂತರವೇ ಹಳೆಯದನ್ನು ಕತ್ತರಿಸಿ, ಅದೂ ಗೆರೆಗಿಂತ ಒಂದಿಂಚು ಒಳಗೆ. ಹೆಚ್ಚಿದ್ದರೆ ಕತ್ತರಿಸಬಹುದು, ಕಡಿಮೆಯಾದರೆ ಮತ್ತೆ ಪ್ಯಾಚು.

ಟನಲ್ ಕತ್ತರಿಸಿದ ಮೇಲೆ ಎಂಜಿನ್ ಮತ್ತು ಗೇರ್‌ಬಾಕ್ಸನ್ನು ಅವುಗಳ ನಿಜವಾದ ಎತ್ತರದಲ್ಲಿ ಕೂರಿಸಿ. ಗೇರ್‌ಬಾಕ್ಸಿನ ಶಾಫ್ಟೂ ಡಿಫರೆನ್ಷಿಯಲ್ಲಿನ ಪಿನಿಯನ್ನೂ ಪಕ್ಕದಿಂದ ನೋಡಿದಾಗ ಸಮಾನಾಂತರವಾಗಿರಬೇಕು. ನಡುವಿನ ಎರಡೂ ಯೂನಿವರ್ಸಲ್ ಜಾಯಿಂಟುಗಳ ಕೋನ ಒಂದೇ ಇದ್ದು 3 ಡಿಗ್ರಿ ದಾಟದಿದ್ದರೆ ಒಳ್ಳೆಯದು. ಇದನ್ನು ಬಿಟ್ಟು, ಇರುವ ಟನಲ್ಲಿಗೆ ಸರಿಹೋಗಲೆಂದು ಗೇರ್‌ಬಾಕ್ಸಿನ ಬಾಲ ತಗ್ಗಿಸಿದ ಕಾರುಗಳು ಹೆದ್ದಾರಿಯಲ್ಲಿ ನಡುಗುತ್ತವೆ. ಪೆಟ್ಟಿಗೆಯ ಸುತ್ತ ಮುಕ್ಕಾಲು ಇಂಚು ತೆರವಿರಲಿ. ಆಕ್ಸಿಲರೇಟರ್ ಒತ್ತಿದಾಗ ಎಂಜಿನ್ ರಬ್ಬರ್ ಮೌಂಟುಗಳ ಮೇಲೆ ತಿರುಚಿಕೊಳ್ಳುತ್ತದೆಂಬುದು ನೆನಪಿನಲ್ಲಿರಲಿ.

ರಟ್ಟಿನಿಂದ ತಗಡಿಗೆ

ತಗಡು ಮುಟ್ಟುವ ಮೊದಲು ರಟ್ಟು. ಕೊರಿಯರ್ ಡಬ್ಬದ ರಟ್ಟಲ್ಲ, ಬಾಗಿಸಿದರೆ ಸರಾಗ ಬಾಗುವ ತೆಳು ಡ್ರಾಯಿಂಗ್ ರಟ್ಟು. ಟನಲ್ಲನ್ನು ಒಂದೇ ತುಂಡಿನಲ್ಲಿ ಮಾಡಲು ಹೋಗಬೇಡಿ. ಮುಂದೆ ಫೈರ್‌ವಾಲಿಗೆ (ಎಂಜಿನ್ ಕೋಣೆಯ ಗೋಡೆಗೆ) ಸೇರುವ ಅಗಲ ಭಾಗ, ನಡುವಿನ ಕಮಾನು, ಹಿಂದಿನ ಇಳಿಜಾರು ಎಂದು ಮೂರು ಮಾಡಿಕೊಂಡರೆ ಪ್ರತಿಯೊಂದೂ ಒಂದೇ ದಿಕ್ಕಿಗೆ ಬಾಗುತ್ತದೆ. ರಟ್ಟಿಗೆ ಬಾಗದ ಆಕಾರಕ್ಕೆ ತಗಡೂ ಸುಲಭವಾಗಿ ಬಾಗುವುದಿಲ್ಲ. ಅಲ್ಲಿ ಇನ್ನೊಂದು ಜೋಡಣೆ ಬೇಕೆಂದು ಅರ್ಥ.

ಅಂಚು ಮಡಿಸುವಾಗ ಲೆಕ್ಕ ಹೀಗೆ: 1.2 ಮಿಲಿಮೀಟರ್ ತಗಡನ್ನು ಅಷ್ಟೇ ತ್ರಿಜ್ಯದಲ್ಲಿ ಲಂಬಕೋನಕ್ಕೆ ಮಡಿಸಿದರೆ, ಹೊರಮೈಯಲ್ಲಿ ಅಳೆದ ಎರಡು ಬದಿಗಳ ಮೊತ್ತಕ್ಕಿಂತ ಸುಮಾರು 2 ಮಿಲಿಮೀಟರ್ ಕಡಿಮೆ ತಗಡು ಸಾಕು. ಎರಡು ಮೂರು ಮಡಿಕೆ ಸೇರಿದಾಗ ಈ ಅಂತರ ಎದ್ದು ಕಾಣುತ್ತದೆ.

ಕಮಾನಿಗೆ ಮೂರು-ನಾಲ್ಕಿಂಚಿನ ಕಬ್ಬಿಣದ ಪೈಪಿನ ಮೇಲೆ ತಗಡಿಟ್ಟು ಕೈಯಿಂದಲೇ ಸ್ವಲ್ಪ ಸ್ವಲ್ಪ ಒತ್ತುತ್ತಾ ಬನ್ನಿ. ಬಾಗಿದ ಅಂಚುಪಟ್ಟಿ ಬೇಕಾದಲ್ಲಿ ಶ್ರಿಂಕರ್-ಸ್ಟ್ರೆಚರ್ ಎಂಬ ಸನ್ನೆಯ ಯಂತ್ರ ನೆರವಾಗುತ್ತದೆ. ಎಲ್ ಆಕಾರಕ್ಕೆ ಮಡಿಸಿದ ಪಟ್ಟಿಯ ಒಂದು ಮಗ್ಗುಲನ್ನು ಅದರ ದವಡೆಗೆ ಕೊಟ್ಟು ಕುಗ್ಗಿಸಿದರೆ ಪಟ್ಟಿ ಆ ಮಗ್ಗುಲಿನ ಕಡೆಗೇ ಬಾಗುತ್ತದೆ, ಹಿಗ್ಗಿಸಿದರೆ ಆಚೆ ಕಡೆಗೆ. ಅವಸರಿಸಿ ಒಂದೇ ಜಾಗದಲ್ಲಿ ಕಚ್ಚಿಸಿದರೆ ತಗಡು ಸೀಳುತ್ತದೆ.

ಚಪ್ಪಟೆ ತಗಡು ಎಂಜಿನ್ ಸದ್ದಿಗೆ ತಮಟೆಯ ಹಾಗೆ ಬಡಿದುಕೊಳ್ಳುತ್ತದೆ. ಅದಕ್ಕೇ ಬೀಡ್ ರೋಲರಿನಲ್ಲಿ ಉದ್ದುದ್ದ ಉಬ್ಬುಗೆರೆ ಮೂಡಿಸುವುದು, ಚಂದಕ್ಕಿಂತ ಗಟ್ಟಿತನಕ್ಕಾಗಿ. ಉಬ್ಬುಗೆರೆ ಸುತ್ತಲಿನ ತಗಡನ್ನು ತನ್ನತ್ತ ಎಳೆದುಕೊಳ್ಳುವುದರಿಂದ ಮೊದಲು ಗೆರೆ ಮೂಡಿಸಿ, ಆಮೇಲೆ ಅಳತೆಗೆ ಕತ್ತರಿಸಿ. ತಿರುಗಾಮುರುಗಾ ಮಾಡಿದರೆ ತುಂಡು ಸಣ್ಣದಾಗಿರುತ್ತದೆ.

ಬೆಸುಗೆ

ನಮ್ಮೂರ ವರ್ಕ್‌ಶಾಪುಗಳಲ್ಲಿ ಸಿಒಟು ವೆಲ್ಡಿಂಗ್ ಎಂದು ಕರೆಯುವ ಮಿಗ್ ಇದಕ್ಕೆ ಸಾಕು: 0.6 ಮಿಲಿಮೀಟರ್ ತಂತಿ, ಶೇ 75 ಆರ್ಗಾನ್ ಮತ್ತು ಶೇ 25 ಇಂಗಾಲದ ಡೈಆಕ್ಸೈಡ್ ಮಿಶ್ರಣ. ಗ್ಯಾಸಿಲ್ಲದ ಫ್ಲಕ್ಸ್ ತಂತಿ ಅಗ್ಗವೇನೋ ಹೌದು, ಆದರೆ ಇಷ್ಟು ತೆಳು ತಗಡನ್ನು ತೂತು ಮಾಡುತ್ತದೆ.

ತಳ ರೈಲಿನ ಮೇಲೆ ಕೂರುವಲ್ಲಿ ಪ್ಲಗ್ ವೆಲ್ಡ್. ಹೊಸ ತಗಡಿನ ಅಂಚಿಗೆ 8 ಮಿಲಿಮೀಟರ್ ತೂತುಗಳನ್ನು ಕೊರೆದು, ಎರಡೂ ಪದರಗಳ ನಡುವೆ ಸತುವಿನ ವೆಲ್ಡ್-ತ್ರೂ ಪ್ರೈಮರ್ ಹಚ್ಚಿ, ತೂತಿನ ನೇರದಲ್ಲಿ ಮಾತ್ರ ಅದನ್ನು ಕೆರೆದುಬಿಡಿ. ಕ್ಲ್ಯಾಂಪಿನಿಂದ ಬಿಗಿಹಿಡಿದು, ಕೆಳಗಿನ ಪದರದ ನಡುವೆ ಆರ್ಕ್ ಹೊತ್ತಿಸಿ ಸುತ್ತುತ್ತಾ ಅಂಚಿಗೆ ಬನ್ನಿ. ಕಾರಿಗೆ ಹೋಗುವ ಮುನ್ನ ಚೂರು ತಗಡುಗಳ ಮೇಲೆ ಹೀಗೆ ಬೆಸೆದು, ವೈಸಿನಲ್ಲಿಟ್ಟು ಕಿತ್ತು ನೋಡಿ. ಕೆಳಗಿನ ತಗಡು ಹರಿದು ಗುಂಡಿಯಾಕಾರದಲ್ಲಿ ಕಿತ್ತುಬಂದರೆ ಸರಿ. ಬೆಸುಗೆಯೇ ಬಿಟ್ಟುಕೊಂಡರೆ ಕರೆಂಟು ಸಾಲದು.

ಟನಲ್ಲಿನ ತುಂಡುಗಳು ಅಂಚಿಗಂಚು ಸೇರಬೇಕು. ತಗಡಿನ ಅರ್ಧ ದಪ್ಪದಷ್ಟು ಸಂದು ಬಿಟ್ಟು, ಬಟ್ ವೆಲ್ಡ್ ಕ್ಲ್ಯಾಂಪ್ ಹಾಕಿ, ಒಂದಿಂಚು-ಒಂದೂವರೆ ಇಂಚಿಗೊಂದು ಚುಕ್ಕೆ ಬೆಸುಗೆ ಹಾಕಿ. ಒಂದು ಈ ತುದಿಯಲ್ಲಿ ಹಾಕಿದರೆ ಮುಂದಿನದು ಆ ತುದಿಯಲ್ಲಿ. ಬರಿಗೈ ಇಡುವಷ್ಟು ಆರಿದ ಮೇಲೆಯೇ ಪಕ್ಕದ್ದು. ಬೆಸುಗೆ ಆರುತ್ತಾ ಕುಗ್ಗಿ ಸುತ್ತಲಿನದನ್ನು ಎಳೆಯುತ್ತದೆ. ಕೆಳಗೆ ಡಾಲಿ ಎಂಬ ಉಕ್ಕಿನ ಗಟ್ಟಿ ಹಿಡಿದು ಬೆಸುಗೆಯ ಮೇಲೆಯೇ ಸುತ್ತಿಗೆಯಿಂದ ಬಡಿದರೆ ಅದು ಮತ್ತೆ ಹಿಗ್ಗುತ್ತದೆ. ಉದ್ದಕ್ಕೆ ಒಂದೇ ಗೆರೆ ಎಳೆದುಬಿಡುವ ಆಸೆ ಬಂದಾಗ ಎದ್ದು ಹೋಗಿ ಕಾಫಿ ಕುಡಿದು ಬನ್ನಿ.

ಸೀಟ್ ಬೆಲ್ಟಿನ ಬೋಲ್ಟು ಕೂರುವ ಪಟ್ಟಿ ಮತ್ತು ಗೇರ್‌ಬಾಕ್ಸ್ ಹೊರುವ ಕ್ರಾಸ್‌ಮೆಂಬರ್ ಈ ಲೆಕ್ಕಕ್ಕೆ ಸೇರುವುದಿಲ್ಲ. ಅವು ಜೀವ ಕಾಯುವ, ಭಾರ ಹೊರುವ ಭಾಗಗಳು. ದಪ್ಪ ಉಕ್ಕು ಬೇಕು, ಪಳಗಿದ ವೆಲ್ಡರನ ಕೈ ಬೇಕು. ಅಲ್ಲಿ ಕಲಿಯಲು ಹೋಗಬೇಡಿ.

ಕ್ಲೋರಿನ್ ಇರುವ ಬ್ರೇಕ್ ಕ್ಲೀನರಿನಿಂದ ತಗಡು ಒರೆಸಿ ವೆಲ್ಡ್ ಮಾಡಿದರೆ ಫಾಸ್ಜೀನ್ ಎಂಬ ವಿಷಾನಿಲ ಹುಟ್ಟುತ್ತದೆ, ಮೊದಲ ಮಹಾಯುದ್ಧದಲ್ಲಿ ಬಳಸಿದ್ದು ಅದನ್ನೇ. ಅಸಿಟೋನಿನಿಂದ ಒರೆಸಿ, ಪೂರ್ತಿ ಒಣಗಲು ಬಿಡಿ, ಡಬ್ಬ ದೂರವಿಡಿ. ಗ್ರೈಂಡರಿನ ಕಿಡಿ ಗಾಜಿನಲ್ಲಿ ಹೂತು ಚುಕ್ಕೆಗಳಾಗುತ್ತವೆ, ಮುಂಗಾಜಿಗೆ ಬೆಂಕಿ ತಡೆಯುವ ಕಂಬಳಿ ಹೊದಿಸಿ. ಕೆಲಸ ನಿಲ್ಲಿಸಿದ ಮೇಲೂ ಒಂದು ಗಂಟೆ ಗ್ಯಾರೇಜು ಬಿಟ್ಟು ಕದಲಬೇಡಿ. ಡಾಂಬರಿನೊಳಗೆ ಹೊಕ್ಕ ಕಿಡಿ ಕಾದು ಕೂತು ಹೊತ್ತಿಕೊಳ್ಳುತ್ತದೆ.

ಬೆಸುಗೆ ಮುಗಿದ ದಿನವೇ ಬರಿ ತಗಡಿಗೆ ಎಪಾಕ್ಸಿ ಪ್ರೈಮರ್, ಅದರ ಮೇಲೆ ಜೋಡಣೆಗಳಿಗೆಲ್ಲ ಸೀಮ್ ಸೀಲರ್, ಕೊನೆಗೆ ಪೇಂಟು. ರೈಲುಗಳ ಒಳಗೆ ಮೇಣದ ಸ್ಪ್ರೇ. ಈ ಕ್ರಮ ತಪ್ಪಬಾರದು.

ಕರ್ನಾಟಕದಲ್ಲಿ ಕಾಂಟೆಸ್ಸಾ, ಪದ್ಮಿನಿ ಇಟ್ಟುಕೊಂಡವರಿಗೂ ತಳ ಬದಲಿಸುವ ಈ ವಿಧಾನ ಹಾಗೇ ಹೊಂದುತ್ತದೆ. ಸಿದ್ಧ ಭಾಗ ಸಿಗದಿದ್ದರೆ ಒಳ್ಳೆಯ ಟಿಂಕರ್ ಒಬ್ಬರನ್ನು ಹಿಡಿಯಬೇಕಾದೀತು. ತುಕ್ಕು ರಿಪೇರಿಗೆ ಯಾರ ತಕರಾರೂ ಇರಲಾರದು. ಆದರೆ ಆರ್‌ಸಿಯಲ್ಲಿರುವ ವಿವರಗಳು ತಯಾರಕರು ಕೊಟ್ಟದ್ದಕ್ಕಿಂತ ಬೇರೆಯಾಗುವಂಥ ಮಾರ್ಪಾಡಿಗೆ ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ನಿನ ಅಡ್ಡಿಯಿದೆ. ಎಂಜಿನ್ ಬದಲಿಸುವ ಯೋಚನೆಯಿದ್ದರೆ ತಗಡು ಕತ್ತರಿಸುವ ಮೊದಲೇ ಆರ್‌ಟಿಒ ಕಚೇರಿಗೆ ಹೋಗಿ ಬನ್ನಿ.