ಚಳಿಗಾಲದಲ್ಲಿ ಹೊಳೆಸಾಲಿನ ಗದ್ದೆಗಳಲ್ಲಿ ದನ ಮೇಯಿಸುವುದು

ಮುಂಗಾರು ಭತ್ತದ ಕೊಯ್ಲು ಮುಗಿದು ಭದ್ರಾ ನಾಲೆಯಲ್ಲಿ ನೀರು ನಿಂತಿತೆಂದರೆ ಹರಿಹರ, ದಾವಣಗೆರೆ ತಾಲ್ಲೂಕುಗಳ ಹಳ್ಳಿಗಳಲ್ಲಿ ದನಗಳ ಹಗ್ಗ ಬಿಚ್ಚುವ ಕಾಲ. ಬೇಸಿಗೆ ಬೆಳೆಗೆ ಮತ್ತೆ ನೀರು ಬಿಡುವವರೆಗೆ, ಅಂದರೆ ಸಾಮಾನ್ಯವಾಗಿ ಜನವರಿಯವರೆಗೆ, ಗದ್ದೆಗಳು ಖಾಲಿ ಇರುತ್ತವೆ. ತುಂಗಭದ್ರೆಯ ದಂಡೆಯಲ್ಲೂ, ಸೂಳೆಕೆರೆಯಿಂದ ಹರಿದು ಬರುವ ಹರಿದ್ರಾ ಹಳ್ಳದ ಇಕ್ಕೆಲದಲ್ಲೂ, ದೇವರಬೆಳಕೆರೆ ಪಿಕಪ್‌ನ ಕೆಳಗಿನ ತಗ್ಗು ಗದ್ದೆಗಳಲ್ಲೂ ಕೂಳೆ ಮೇಯುವ ದನ, ಎಮ್ಮೆ, ಕುರಿಗಳ ಹಿಂಡುಗಳು ಈ ದಿನಗಳಲ್ಲಿ ಸಾಮಾನ್ಯ ನೋಟ. ಮೇವಿಗೆ ಖರ್ಚಿಲ್ಲ, ಗದ್ದೆಗೆ ಸಗಣಿ ಗೊಬ್ಬರ ಬೀಳುತ್ತದೆ. ಹಿರಿಯರು ನಡೆಸಿಕೊಂಡು ಬಂದ ಈ ಪದ್ಧತಿ ಒಳ್ಳೆಯದೇ.

ಸಣ್ಣ ಗಾತ್ರದ ದನಗಳಿಗಂತೂ ಇದು ಹೇಳಿ ಮಾಡಿಸಿದ ಮೇವು. ದನವೊಂದಕ್ಕೆ ದಿನಕ್ಕೆ ಅದರ ತೂಕದ ನೂರಕ್ಕೆ 2ರಿಂದ 2.5 ಪಾಲಿನಷ್ಟು ಒಣ ಆಹಾರ ಬೇಕು. 400 ಕಿಲೋ ತೂಗುವ ಮಿಶ್ರತಳಿ ಹಸುವಿಗೆ 8ರಿಂದ 10 ಕಿಲೋ ಬೇಕಾದರೆ, ನೂರು ಕಿಲೋದ ಆಸುಪಾಸಿನ ಮಲೆನಾಡು ಗಿಡ್ಡಕ್ಕೆ ಎರಡೂವರೆ ಕಿಲೋ ಸಾಕು. ಜವಾರಿ ದನವೂ ಅಷ್ಟೇ, ಅಲ್ಲಿ ಇಲ್ಲಿ ಆಯ್ದು ತಿಂದು ಹೊಟ್ಟೆ ತುಂಬಿಸಿಕೊಳ್ಳುತ್ತದೆ. ಹಾಗಿದ್ದರೂ ಇದೇ ದನಗಳು ಶಿವರಾತ್ರಿಯ ಹೊತ್ತಿಗೆ ಎಲುಬು ಬಿಟ್ಟುಕೊಂಡು, ರೋಮ ಒರಟಾಗಿ, ಹಾಲು ಇಳಿಸಿ ನಿಲ್ಲುವುದುಂಟು. ಬೇಸಿಗೆ ಬಂತು, ಮೇವು ಸಾಲದು ಎಂದು ರೈತರು ಸಮಾಧಾನ ಮಾಡಿಕೊಳ್ಳುತ್ತಾರೆ. ಎಷ್ಟೋ ವೇಳೆ ಕಾರಣ ಬೇಸಿಗೆಯಲ್ಲ. ಮೂರು ತಿಂಗಳ ಹಿಂದೆ ಬಸಿಗಾಲುವೆಯ ಅಂಚಿನಲ್ಲಿ ತಿಂದ ಹಸಿರು ಹುಲ್ಲು.

ಆ ಹುಲ್ಲಿನ ಮೂಲಕ ಒಳಸೇರುವುದು ಪಿತ್ತಜನಕಾಂಗದ ಚಪ್ಪಟೆ ಹುಳು. ಎಲೆಯಾಕಾರದ ಈ ಹುಳು ಈಲಿಯ ಪಿತ್ತನಾಳಗಳಲ್ಲಿ ನೆಲೆಸಿ ರಕ್ತ ಹೀರುತ್ತದೆ. ಇದರ ಮೊಟ್ಟೆಗಳು ಸಗಣಿಯೊಡನೆ ಹೊರಬಿದ್ದು, ನೀರು ಸೇರಿದರೆ ಎರಡು ಮೂರು ವಾರಗಳಲ್ಲಿ ಒಡೆಯುತ್ತವೆ. ಹೊರಬಂದ ಮರಿ ಒಂದು ದಿನದೊಳಗೆ ನೀರಿನ ಬಸವನ ಹುಳುವನ್ನು ಹೊಕ್ಕದಿದ್ದರೆ ಸಾಯುತ್ತದೆ. ಹೊಕ್ಕರೆ ಕೆಲವು ವಾರಗಳಲ್ಲಿ ಅಲ್ಲಿಯೇ ನೂರಾರಾಗಿ ಹೆಚ್ಚಿ ಹೊರಬಂದು, ನೀರಂಚಿನ ಹುಲ್ಲು ಮತ್ತು ಭತ್ತದ ಬುಡಕ್ಕೆ ಅಂಟಿ, ಮೇಲೆ ಗಟ್ಟಿ ಕವಚ ಕಟ್ಟಿಕೊಂಡು ಕೂರುತ್ತದೆ. ಕಣ್ಣಿಗೆ ಸುಲಭವಾಗಿ ಬೀಳದ ಈ ಕೋಶ ತೇವವಿದ್ದರೆ ತಿಂಗಳುಗಟ್ಟಲೆ ಜೀವ ಹಿಡಿದಿರುತ್ತದೆ; ಬಿಸಿಲಿಗೆ ಒಣಗಿದರೆ ಬೇಗ ಸಾಯುತ್ತದೆ. ಚಳಿಗಾಲದ ಮೇವಿನ ಒಳಿತು ಕೆಡುಕು ನಿಂತಿರುವುದೇ ಈ ಒಣ-ತೇವದ ಮೇಲೆ.

ಹೊಳೆ ಉಕ್ಕಿದ ವರ್ಷ ಹೆಚ್ಚು ಎಚ್ಚರ ಬೇಕು. 2019ರ ಆಗಸ್ಟ್‌ನಲ್ಲಿ ತುಂಗಭದ್ರೆ ಉಕ್ಕಿ ಹರಿಹರದ ತೀರದ ಜಮೀನುಗಳು ಮುಳುಗಿದ್ದನ್ನು ಅಲ್ಲಿನವರು ಮರೆತಿಲ್ಲ. ಅಂಥ ನೆರೆ ಇಳಿದ ಮೇಲೆ ಮಡುಗಳಲ್ಲಿ ನಿಲ್ಲುವ ನೀರು ಬಸವನ ಹುಳುವಿಗೆ ತವರು. ನಡುಗದ್ದೆಯ ಕೂಳೆ ಒಣಗಿ ಹಳದಿಯಾದಾಗ ಈ ಮಡುಗಳ ಸುತ್ತ ಮಾತ್ರ ಹುಲ್ಲು ಹಸಿರಾಗಿರುತ್ತದೆ. ದನಕ್ಕೆ ಹಸಿರು ಕಂಡರೆ ಸಾಕು, ಕಾಯುವವನಿಗೆ ನೆರಳು ಕಂಡರೆ ಸಾಕು. ಎರಡೂ ಸಿಗುವುದು ನೀರಿನ ಬಳಿಯೇ!

ಆದುದರಿಂದ ನೀರು ಬಸಿದು ನೆಲ ಬಿರಿಯುವಷ್ಟು ಒಣಗಿದ ಗದ್ದೆಗಳಲ್ಲಿ ಮೊದಲು ಮೇಯಿಸಬೇಕು. ಬಸಿಗಾಲುವೆ, ಮಡು, ತೂಬಿನ ಕೆಳಗಿನ ಜೌಗು ಇವುಗಳ ಅಂಚಿನಿಂದ ದನಗಳನ್ನು ದೂರವಿಡಬೇಕು. ಊರಿಗೆ ಅಂಟಿದ, ಕೊಟ್ಟಿಗೆಯ ಗಂಜಲ ಸಗಣಿ ಹರಿದು ಸೇರುವ ಗದ್ದೆಗಳು ಎಲ್ಲಕ್ಕಿಂತ ಅಪಾಯಕಾರಿ. ಇಂಡೋನೇಷ್ಯಾದ ಪಶ್ಚಿಮ ಜಾವಾದ ಭತ್ತದ ಪ್ರದೇಶದಲ್ಲಿ 1990ರ ದಶಕದಲ್ಲಿ ನಡೆದ ಅಧ್ಯಯನಗಳು ಕಂಡುಕೊಂಡದ್ದೂ ಇದನ್ನೇ. ಮನೆಯ ಹಿಂದಿನ ಗದ್ದೆ ಹತ್ತಿರ ಎಂದು ಹಸು, ಕರುಗಳನ್ನು ಅಲ್ಲಿಗೇ ಬಿಡುವ ರೂಢಿಯನ್ನು ಬಿಡುವುದು ಲೇಸು.

ಬೆಳಿಗ್ಗೆ ಬಿಡುವ ಮುನ್ನ ಒಂದಿಷ್ಟು ಒಣಹುಲ್ಲು ಹಾಕಿದರೆ, ಹಸಿದ ದನ ಬುಡದವರೆಗೆ ಕಚ್ಚಿ ಮೇಯುವುದು ಕಡಿಮೆಯಾಗುತ್ತದೆ. ಇಬ್ಬನಿ ಆರಿದ ಮೇಲೆ ಬಿಡಬೇಕು. ಇಬ್ಬನಿಯ ಹುಲ್ಲಿನ ತುದಿಗೆ ಬೇರೆ ಜಾತಿಯ ಜಂತುಗಳ ಮರಿಗಳು ಏರಿರುತ್ತವೆ. ನೀರನ್ನು ಮಡುವಿನಲ್ಲಿ ಕುಡಿಸದೆ ತೊಟ್ಟಿಯಲ್ಲಿ ಕುಡಿಸಬೇಕು. ಕೀಟನಾಶಕ ಹೊಡೆದ ಬದುವಿನ ಕಡೆಗೆ ದನ ಹೋಗದಂತೆ ನೋಡಿಕೊಳ್ಳುವುದು ಅಗತ್ಯ. ದಾರಿಯಲ್ಲಿ ಎರಿ ಹೊಲದ ಜೋಳದ ಕೂಳೆ ಚಿಗುರಿದ್ದರೆ ಅದಕ್ಕೆ ಬಾಯಿ ಹಾಕಲು ಬಿಡಲೇಬಾರದು. ಆ ಎಳೆ ಚಿಗುರಿನ ವಿಷ ಗಳಿಗೆಯಲ್ಲಿ ಪ್ರಾಣ ತೆಗೆಯಬಲ್ಲದು.

ರೋಗದ ಕುರುಹುಗಳು ನಿಧಾನವಾಗಿ ತೋರುತ್ತವೆ. ಮೊದಲು ಮೇವಿನಲ್ಲಿ ಅನಾಸಕ್ತಿ, ಬಳಿಕ ಆಗಾಗ ಭೇದಿ. ಕಣ್ಣಿನ ಕೆಳರೆಪ್ಪೆ ಇಳಿಸಿ ನೋಡಿದರೆ ಕೆಂಪಿಲ್ಲದೆ ಬಿಳಿಚಿರುತ್ತದೆ. ಕೊನೆಗೆ ಗದ್ದದ ಕೆಳಗೆ ನೀರು ಇಳಿದು ಚೀಲದಂತೆ ಜೋಲುತ್ತದೆ. ಇದನ್ನು ಗಳಲೆ ರೋಗವೆಂದು ತಪ್ಪು ತಿಳಿಯಬಾರದು. ಗಳಲೆಯ ಬಾವು ಬಿಸಿಯಾಗಿ, ನೋವಿನಿಂದ ಕೂಡಿ, ಜೋರು ಜ್ವರದೊಡನೆ ಬರುತ್ತದೆ. ದನ ಒಂದೆರಡು ದಿನದಲ್ಲೇ ಸಾಯಬಹುದು. ಹುಳುವಿನ ಬಾವು ತಣ್ಣಗೆ, ಮೆತ್ತಗೆ ಇರುತ್ತದೆ. ಕುರಿಗಳಲ್ಲಿ ಮಾತ್ರ ಇಷ್ಟು ಸಾವಕಾಶವಿಲ್ಲ. ಒಮ್ಮೆಗೇ ಹೆಚ್ಚು ಮರಿಹುಳುಗಳು ಈಲಿಯನ್ನು ಕೊರೆದರೆ ಯಾವ ಕುರುಹೂ ಇಲ್ಲದೆ ಸಾಯುತ್ತವೆ. ಎಮ್ಮೆ ಹೊರನೋಟಕ್ಕೆ ಚೆನ್ನಾಗಿದ್ದೇ ಹುಳು ಹೊತ್ತು, ನೀರಿನಲ್ಲಿ ಸಗಣಿ ಹಾಕಿ ಉಳಿದವಕ್ಕೆ ಹಂಚುತ್ತದೆ.

ಔಷಧಿಯ ವಿಷಯದಲ್ಲಿ ರೈತರು ಎಡವುವುದು ಕಾಲದ ಲೆಕ್ಕದಲ್ಲಿ. ಒಳಹೊಕ್ಕ ಮರಿಹುಳು ಈಲಿಯ ಮಾಂಸವನ್ನು ವಾರಗಟ್ಟಲೆ ಕೊರೆದು ಪಿತ್ತನಾಳ ಸೇರಿ, ಮೊಟ್ಟೆಯಿಡಲು ಸುಮಾರು ಮೂರರಿಂದ ನಾಲ್ಕು ತಿಂಗಳು ಬೇಕು. ಡಿಸೆಂಬರಿನಲ್ಲಿ ಸಗಣಿ ಪರೀಕ್ಷೆ ಮಾಡಿಸಿ ಮೊಟ್ಟೆ ಕಾಣಲಿಲ್ಲವೆಂದರೆ ದನದಲ್ಲಿ ಹುಳುವಿಲ್ಲ ಎಂದಲ್ಲ. ಆಗಲೇ ಆಕ್ಸಿಕ್ಲೋಜನೈಡ್ ಕುಡಿಸಿದರೆ ಬೆಳೆದ ಹುಳು ಮಾತ್ರ ಸಾಯುತ್ತದೆ, ಮರಿಹುಳು ಉಳಿಯುತ್ತದೆ. ಟ್ರೈಕ್ಲಾಬೆಂಡಜೋಲ್ ಎಳೆಯ ಹುಳುಗಳನ್ನೂ ಕೊಲ್ಲುತ್ತದೆ. ಗದ್ದೆ ಮೇವು ಮುಗಿದ ಆರೇಳು ವಾರಕ್ಕೆ, ಅಂದರೆ ಫೆಬ್ರವರಿ ಕೊನೆಯ ವೇಳೆಗೆ, ಇದನ್ನು ಕೊಡಿಸುವುದು ಯುಕ್ತ. ಮಳೆಗಾಲಕ್ಕೆ ಮುನ್ನ ಮತ್ತೊಮ್ಮೆ ಪರೀಕ್ಷೆ ಮಾಡಿಸಿ ಅಗತ್ಯವಿದ್ದರೆ ಕುಡಿಸಿದರೆ, ಹೊಸ ನೀರಿಗೆ ಮೊಟ್ಟೆ ಬೀಳುವುದು ತಪ್ಪುತ್ತದೆ. ಪ್ರಮಾಣವನ್ನು ದನದ ತೂಕ, ಗಬ್ಬದ ಸ್ಥಿತಿ ನೋಡಿ ಪಶುವೈದ್ಯರು ನಿರ್ಧರಿಸಬೇಕು. ಹಾಲು ಕರೆಯುವ ಹಸುವಾದರೆ ಎಷ್ಟು ದಿನ ಹಾಲು ಬಳಸಬಾರದು ಎಂಬುದನ್ನು ಕೇಳಿ ತಿಳಿಯಬೇಕು.

ಕೊಟ್ಟಿಗೆಯಲ್ಲೇ ಮೇಯಿಸುವವರೂ ನಿಶ್ಚಿಂತರಾಗಿರುವಂತಿಲ್ಲ. ನೀರು ನಿಂತ ಗದ್ದೆಯ ಹುಲ್ಲನ್ನು ಬುಡಮಟ್ಟ ಕೊಯ್ದು ಹಸಿಯಾಗಿಯೇ ಹಾಕಿದರೆ ಕೋಶಗಳು ಗೋದಲಿಗೇ ಬಂದಂತೆ. ನೀರಿನ ಮಟ್ಟಕ್ಕಿಂತ ಒಂದು ಗೇಣು ಮೇಲೆ ಕೊಯ್ದು, ಮೂರು ದಿನ ಚೆನ್ನಾಗಿ ಬಿಸಿಲಿಗೆ ಹರಡಿ, ಬಳಿಕ ಬಣವೆ ಒಟ್ಟಬೇಕು. ಯಂತ್ರದ ಕೊಯ್ಲಿನಲ್ಲಿ ಬುಡ ಎತ್ತರವಾಗಿ ಉಳಿಯುವುದು ಈ ಮಟ್ಟಿಗೆ ಒಳ್ಳೆಯದು. ಹರಡಿದ ಹುಲ್ಲಿಗೆ ಬೆಂಕಿ ಇಡದೆ ಕಟ್ಟಿ ತಂದರೆ ಬೇಸಿಗೆಗೆ ಆಸರೆ. ಒಣಹುಲ್ಲಿನಲ್ಲಿ ಸಾರ ಕಡಿಮೆ. ನೂರು ಕಿಲೋ ಹುಲ್ಲಿಗೆ 4 ಕಿಲೋ ಯೂರಿಯಾವನ್ನು ಸುಮಾರು 60 ಲೀಟರ್ ನೀರಿನಲ್ಲಿ ಪೂರ್ತಿ ಕರಗಿಸಿ, ಪದರ ಪದರವಾಗಿ ಚಿಮುಕಿಸಿ, ಗಾಳಿಯಾಡದಂತೆ 21 ದಿನ ಮುಚ್ಚಿಟ್ಟು ಹಾಕಿದರೆ ದನಕ್ಕೆ ಹೆಚ್ಚು ದಕ್ಕುತ್ತದೆ. ಆರು ತಿಂಗಳೊಳಗಿನ ಕರುಗಳಿಗೆ ಇದನ್ನು ಕೊಡಬಾರದು.

ಸಗಣಿಯನ್ನು ಹಸಿಯಾಗಿ ಗದ್ದೆಯ ನೀರಿಗೆ ಬಿಡದೆ ತಿಪ್ಪೆಯಲ್ಲಿ ಒಟ್ಟಿ ಚೆನ್ನಾಗಿ ಕಳಿಸಬೇಕು. ತಿಪ್ಪೆಯ ಒಳಗಿನ ಕಾವಿಗೆ ಹುಳುವಿನ ಮೊಟ್ಟೆಗಳು ಉಳಿಯುವುದಿಲ್ಲ. ಕೊಯ್ಲಾದ ಗದ್ದೆಗೆ ಬಾತುಕೋಳಿ ಹಿಂಡು ಬಂದರೆ ಅಟ್ಟಬೇಕಾಗಿಲ್ಲ. ಬಿದ್ದ ಕಾಳಿನ ಜೊತೆಗೆ ಬಸವನ ಹುಳುಗಳನ್ನೂ ಅವು ಆಯ್ದು ತಿನ್ನುತ್ತವೆ.