ಮುನ್ನೋಟವೂ ಬಂಡವಾಳವೇ: ಮಾಸೂರು ಸೀಮೆಯ ಗೋವಿನಜೋಳ ಕಲಿಸುವ ಪಾಠ

ಹಾವೇರಿ ಜಿಲ್ಲೆಯ ಮಾಸೂರಿನ ಸಮೀಪ, ಕುಮುದ್ವತಿ ನದಿಗೆ ಅಡ್ಡಲಾಗಿ ವಿಜಯನಗರದ ಕಾಲದಲ್ಲಿ ನಿರ್ಮಿತವಾದ ಮದಗದ ಕೆರೆಯಿದೆ. ಒಡೆದುಹೋಗಿದ್ದ ಆ ಬೃಹತ್ ಜಲಾಶಯವು ಬ್ರಿಟಿಷರ ಆಡಳಿತದಲ್ಲಿ ಚಿಕ್ಕ ಪ್ರಮಾಣದಲ್ಲಿ ದುರಸ್ತಿಯಾಯಿತು. ನಮ್ಮ ನಾಡಿನ ಕೆರೆಗಳಿಗೆ ಏರಿಯೊಡನೆ ತೂಬು, ಕೋಡಿ ಎರಡೂ ಇರುತ್ತವೆ. ತೂಬು ನೀರಿನ ಅಗತ್ಯಕ್ಕೆ, ಕೋಡಿ ನೀರಿನ ಅತಿರೇಕಕ್ಕೆ. ಯಾವ ವರ್ಷ ಎಂಥ ಮಳೆ ಬರುವುದೆಂಬುದನ್ನು ಕಟ್ಟಿದವರು ಅರಿತಿರಲಿಲ್ಲ. ಎರಡೂ ಬರಬಹುದೆಂಬುದನ್ನು ಅರಿತಿದ್ದರು. ಉದ್ಯಮದಲ್ಲಿ ಮುನ್ನೋಟವೆಂದರೆ ಇದೇ.

ಎರಡು ವರ್ಷ ಮೊದಲೇ ಬಂದ ಸುದ್ದಿ

ಈ ಸೀಮೆಯ ವಹಿವಾಟು ಬಹುಮಟ್ಟಿಗೆ ಗೋವಿನಜೋಳವನ್ನು ಅವಲಂಬಿಸಿದೆ. ಅಮೆರಿಕ ಖಂಡಗಳ ಮೂಲದ ಫಾಲ್ ಆರ್ಮಿವರ್ಮ್ ಎಂಬ ಸೈನಿಕ ಹುಳು 2016ರಲ್ಲಿ ಆಫ್ರಿಕದಲ್ಲಿ ಪತ್ತೆಯಾಗಿ, ಎರಡು ವರ್ಷಗಳೊಳಗೆ ಆ ಖಂಡದ ಬಹುಪಾಲು ದೇಶಗಳಿಗೆ ಹರಡಿತು. 2018ರ ಮೇ ತಿಂಗಳಲ್ಲಿ ಅದು ಭಾರತದಲ್ಲಿ ಮೊದಲ ಬಾರಿಗೆ ಕಂಡುಬಂದುದು ನೆರೆಯ ಶಿವಮೊಗ್ಗದ ಗೋವಿನಜೋಳದ ಹೊಲಗಳಲ್ಲಿ. ಇದರ ಪತಂಗ ಒಂದೇ ರಾತ್ರಿಯಲ್ಲಿ ಸುಮಾರು 100 ಕಿ.ಮೀ. ಹಾರಬಲ್ಲದು, ಮರಿಹುಳು ಸುಳಿಯೊಳಗೆ ಅಡಗಿ ಎಲೆಯನ್ನು ತಿನ್ನುತ್ತದೆ.

2019ರಲ್ಲಿ ಗೋವಿನಜೋಳದ ಬೆಲೆ ಏರಿ, ಕೇಂದ್ರ ಸರ್ಕಾರವು ಸುಂಕ ರಿಯಾಯಿತಿಯಲ್ಲಿ ಆಮದಿಗೆ ಅವಕಾಶ ನೀಡಬೇಕಾಯಿತು. ಕೋಳಿ ಆಹಾರದಲ್ಲಿ ಅರ್ಧಕ್ಕೂ ಹೆಚ್ಚು ಪಾಲು ಈ ಧಾನ್ಯದ್ದೇ ಆದುದರಿಂದ ಆಹಾರ ತಯಾರಕರಿಗೂ ಕೋಳಿ ಸಾಕಣೆದಾರರಿಗೂ ಬಿಸಿ ತಟ್ಟಿತು. ಆಫ್ರಿಕದ ಸುದ್ದಿಯನ್ನು ಗಮನಿಸಿದ್ದ ವ್ಯಾಪಾರಿಗೆ ಹುಳುವನ್ನು ತಡೆಯುವುದು ಸಾಧ್ಯವಿರಲಿಲ್ಲ. ಆದರೆ ಒಂದೇ ಸೀಮೆಯ ಮಾಲನ್ನು ನೆಚ್ಚಿ ಮುಂಗಡ ಕರಾರು ಮಾಡಿಕೊಳ್ಳದೆ ಇರುವುದು ಸಾಧ್ಯವಿತ್ತು.

ಸೂಚನೆ ಭವಿಷ್ಯವಾಣಿಯಲ್ಲ

ಪೆಸಿಫಿಕ್ ಸಾಗರ ಬಿಸಿಯೇರುವ ಎಲ್ ನಿನೊ ಆರಂಭವಾಗಿದೆಯೆಂದು ಅಮೆರಿಕದ ಹವಾಮಾನ ಸಂಸ್ಥೆಯು 2023ರ ಜೂನ್ 8ರಂದು ಪ್ರಕಟಿಸಿತು. ಆ ವರ್ಷದ ಆಗಸ್ಟ್, 1901ರಿಂದೀಚೆಗೆ ದೇಶ ಕಂಡ ಅತಿ ಒಣ ಆಗಸ್ಟ್ ಆಯಿತು. ಕರ್ನಾಟಕದ 236 ತಾಲ್ಲೂಕುಗಳಲ್ಲಿ 223 ಬರಪೀಡಿತವೆಂದು ಘೋಷಿತವಾದವು. ಆದರೆ 1997ರಲ್ಲಿ ಅತಿ ಪ್ರಬಲ ಎಲ್ ನಿನೊ ಇದ್ದರೂ ದೇಶದ ಮುಂಗಾರು ವಾಡಿಕೆಯಷ್ಟೇ ಆಯಿತು. ಆದುದರಿಂದ ಸೂಚನೆ ಕಂಡೊಡನೆ ಸರ್ವಸ್ವವನ್ನೂ ಪಣಕ್ಕಿಡುವುದು ಮುನ್ನೋಟವಲ್ಲ, ಜೂಜು. ಸೂಚನೆ ದುರ್ಬಲವಾಗಿರುವಾಗ ಕಡಿಮೆ ಖರ್ಚಿನ, ಹಿಂದೆಗೆಯಬಹುದಾದ ಹೆಜ್ಜೆ. ಅದು ಬಲಗೊಂಡಂತೆ ದೊಡ್ಡ ಹೆಜ್ಜೆ: ಇದು ಮೂಲ ಸೂತ್ರ.

ಅನುಸರಿಸಬಹುದಾದ ಕ್ರಮ

1. ಸೂಚನೆಗಳ ದಾಖಲೆ: ಭಾರತ ಹವಾಮಾನ ಇಲಾಖೆಯು ಏಪ್ರಿಲ್ ಮತ್ತು ಮೇ ತಿಂಗಳುಗಳಲ್ಲಿ ನೀಡುವ ಮುಂಗಾರು ಮುನ್ಸೂಚನೆ, ಬಿತ್ತನೆಯ ಪ್ರಮಾಣ, ಕೀಟಬಾಧೆಯ ವರದಿ, ಎ.ಪಿ.ಎಂ.ಸಿ. ಆವಕ. ಇವುಗಳನ್ನು ವಾರಕ್ಕೊಮ್ಮೆ ಲೆಕ್ಕಪತ್ರದಷ್ಟೇ ಶಿಸ್ತಿನಿಂದ ಬರೆದಿಡಬೇಕು.

2. ಮೂರು ಚಿತ್ರಣಗಳು: ವಾಡಿಕೆಯ ಮಳೆ, ಮಳೆಯ ಕೊರತೆ, ಕೊಯ್ಲಿನ ವೇಳೆಯ ಅತಿವೃಷ್ಟಿ. ಪ್ರತಿಯೊಂದರಲ್ಲೂ ಕಚ್ಚಾ ಮಾಲಿನ ದರ, ಬರಬೇಕಾದ ಬಾಕಿ, ಬ್ಯಾಂಕಿನ ಕಂತು ಏನಾದೀತೆಂದು ಲೆಕ್ಕ ಹಾಕಬೇಕು. ಶೆಲ್ ತೈಲ ಕಂಪನಿಯು 1973ರ ತೈಲ ಬಿಕ್ಕಟ್ಟಿಗೆ ಮುನ್ನವೇ ಇಂಥ ಚಿತ್ರಣಗಳನ್ನು ಸಿದ್ಧಪಡಿಸಿಕೊಂಡಿತ್ತು.

3. ಗೆರೆ ಎಳೆಯುವುದು: ಯಾವ ಸೂಚನೆ ಯಾವ ಮಟ್ಟ ಮುಟ್ಟಿದರೆ, ಯಾರು, ಏನು ಮಾಡಬೇಕೆಂಬುದು ಮೊದಲೇ ತೀರ್ಮಾನವಾಗಿರಬೇಕು. ಉದಾಹರಣೆಗೆ, ಜುಲೈ ಅಂತ್ಯಕ್ಕೆ ಮಳೆಯ ಕೊರತೆ ಇಂತಿಷ್ಟು ದಾಟಿದರೆ ಹೊರಜಿಲ್ಲೆಯ ಪೂರೈಕೆದಾರರೊಡನೆ ಮಾತುಕತೆ. ಆಗಸ್ಟ್‌ನಲ್ಲೂ ಮುಂದುವರಿದರೆ ಖರೀದಿ ಕರಾರು ಮತ್ತು ಉದ್ದರಿಯ ಮಿತಿ.

4. ಸಿದ್ಧತೆ: ಗೋವಿನಜೋಳದ ತೇವಾಂಶ ಶೇ. 14 ಮೀರಿದರೆ ದಾಸ್ತಾನಿಗೆ ಬೂಷ್ಟು ತಗಲುವ ಭಯವುಂಟು. ತೇವಾಂಶ ಮಾಪಕ, ಒಣಗಿಸುವ ಕಣ, ನೆಲಮಟ್ಟದಿಂದ ಎತ್ತರಿಸಿದ ಗೋದಾಮು, ದಾಸ್ತಾನಿನ ವಿಮೆ ಇವು ಯಾವ ಚಿತ್ರಣ ನಿಜವಾದರೂ ಉಪಯೋಗಕ್ಕೆ ಬರುವವು. 2019ರ ಆಗಸ್ಟ್‌ನಲ್ಲಿ ಜಿಲ್ಲೆಯನ್ನು ಕಾಡಿದ ನೆರೆ, ಬರದ ಲೆಕ್ಕವೊಂದೇ ಸಾಲದೆಂಬುದನ್ನು ತೋರಿಸಿಕೊಟ್ಟಿದೆ.

5. ಮರುಪರಿಶೀಲನೆ: ಸುಗ್ಗಿ ಮುಗಿದ ಬಳಿಕ, ಯಾವ ಸೂಚನೆ ನಿಜವಾಯಿತು, ಯಾವುದು ಹುಸಿಯಾಯಿತು ಎಂದು ದಾಖಲೆಯನ್ನು ತಿರುವಿ ನೋಡಬೇಕು.

ಇವಕ್ಕೆ ದೊಡ್ಡ ಬಂಡವಾಳ ಬೇಕಿಲ್ಲ. ಸಣ್ಣ ಉದ್ದಿಮೆದಾರರು ಒಬ್ಬೊಬ್ಬರೇ ಮಾಡಲಾಗದ ಸೂಚನೆಗಳ ಸಂಗ್ರಹವನ್ನು ತಾಲ್ಲೂಕು ಮಟ್ಟದ ವರ್ತಕರ ಸಂಘಗಳು ಕೂಡಿ ಮಾಡಬಹುದು. ಕೆರೆ ತುಂಬಿದ ಮೇಲೆ ಕೋಡಿ ಕಡಿಯಲು ಹೊರಟವನಿಗೆ ಏರಿ ಉಳಿಯುವುದಿಲ್ಲ. ಕೋಡಿಯ ಕೆಲಸಕ್ಕೆ ಬೇಸಿಗೆಯೇ ಕಾಲ.