ಟೊರಾಂಟೊ ಚಳಿಯಲ್ಲಿ ಕರಿಬೇವಿನ ಕುಂಡ

ಟೊರಾಂಟೊದ ಅಪಾರ್ಟ್‌ಮೆಂಟ್‌ನಲ್ಲಿ ಮೊದಲ ಸಲ ಕರಿಬೇವು ಬೆಳೆಸುತ್ತಿರುವ ಓದುಗರೊಬ್ಬರ ಪ್ರಶ್ನೆ ಇದು: ಡಿಸೆಂಬರ್ ಬಂದರೆ ಎಲೆ ಉದುರುತ್ತದೆ, ಅಗ್ಗದ ಎಲ್‌ಇಡಿ ದೀಪ ಸಾಕೇ?

ಸಾಕು. ಡಬ್ಬದ ಮೇಲಿನ ಅಂಕಿಯನ್ನು ಮಾತ್ರ ನಂಬುವಂತಿಲ್ಲ. ‘1000 ವ್ಯಾಟ್’ ಎಂದು ಮಾರುವ ಎಷ್ಟೋ ದೀಪಗಳು ನಿಜಕ್ಕೂ ಎಳೆಯುವುದು 100 ವ್ಯಾಟ್ ಆಸುಪಾಸು. ಒಂದು ಕುಂಡಕ್ಕೆ ಅಷ್ಟೂ ಬೇಡ. ನಿಜವಾಗಿ 30–40 ವ್ಯಾಟ್ ಎಳೆಯುವ ಬಿಳಿ ದೀಪ ಗಿಡದ ತುದಿಯಿಂದ ಒಂದಡಿ ಮೇಲಿದ್ದರೆ ಆಯಿತು. ನೇರಳೆ ಬೆಳಕಿನಲ್ಲೂ ಗಿಡ ಬೆಳೆಯುತ್ತದೆ. ಆದರೆ ಅದರಡಿ ಎಲೆ ಹಳದಿಯೋ ಹಸಿರೋ ಗೊತ್ತಾಗುವುದಿಲ್ಲ. ನಡುಮನೆ ನಾಟಕದ ರಂಗದಂತೆ ಕಾಣುವುದು ಬೇರೆ! ಟೊರಾಂಟೊದಲ್ಲಿ ಡಿಸೆಂಬರಿನ ಹಗಲು ಸುಮಾರು 9 ಗಂಟೆಯಷ್ಟೇ. ಹಾಗಾಗಿ ಟೈಮರ್ ಹಾಕಿ ದೀಪವನ್ನು ದಿನಕ್ಕೆ 12ರಿಂದ 14 ಗಂಟೆ ಉರಿಸಬೇಕು.

ಎಲೆ ಉದುರಿದರೆ ಬೆಳಕೊಂದನ್ನೇ ದೂರುವಂತೆಯೂ ಇಲ್ಲ.

ತಣ್ಣನೆಯ ಕಿಟಕಿ ಗಾಜಿಗೆ ಒತ್ತಿಕೊಂಡ ಕುಂಡದಲ್ಲಿ ಬೇರು ನೀರು ಹೀರುವುದು ನಿಧಾನವಾಗುತ್ತದೆ. ಅಂಥದ್ದರಲ್ಲಿ ದಿನವೂ ನೀರು ಹೊಯ್ದರೆ ಬೇರು ಕೊಳೆಯುತ್ತದೆ. ಮೇಲಿನ ಒಂದಂಗುಲ ಮಣ್ಣು ಒಣಗಿದ ಬಳಿಕವೇ ನೀರು ಹಾಕಬೇಕು. ಹೀಟರಿನ ಒಣಗಾಳಿಗೆ ಕೆಂಪು ನುಸಿ ಹತ್ತುವುದೂ ಉಂಟು. ವಾರಕ್ಕೊಮ್ಮೆ ಎಲೆಗಳ ಅಡಿಭಾಗ ತೊಳೆಯುವುದು ಒಳ್ಳೆಯದು. ಹೊಸ ಚಿಗುರು ಕಾಣುವವರೆಗೆ ಗೊಬ್ಬರ ಬೇಡ.